ಹೋಟೆಲ್ ಬಿಲ್ಲಿನ ಹಿಂದಿನ ವಿಜ್ಞಾನ: ಗಲ್ಲಾಪೆಟ್ಟಿಗೆಯಿಂದ ಗಣಕಜಾಲದವರೆಗೆ

ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬಂಟ್ವಾಳದ ಬಿ.ಸಿ. ರೋಡು ಒಂದು ಕವಲು. ಬೆಳ್ತಂಗಡಿ, ಉಜಿರೆ, ಚಾರ್ಮಾಡಿಗಳ ಕಡೆಗೆ ಹೋಗುವ ರಸ್ತೆ ಇಲ್ಲಿಂದ ಬೇರೆಯಾಗುತ್ತದೆ. ಇಂಥ ಕಡೆ ಇರುವ ಸಾಧಾರಣ ಗಾತ್ರದ ಹೋಟೆಲೊಂದನ್ನು ಮಧ್ಯಾಹ್ನ ಒಂದು ಗಂಟೆಯ ಹೊತ್ತಿನಲ್ಲಿ ಊಹಿಸಿಕೊಳ್ಳಿ. ದೋಸೆಯ ಕಾವಲಿ ಒಂದು ಕಡೆ, ಊಟದ ಅಡುಗೆಮನೆ ಇನ್ನೊಂದು ಕಡೆ, ಕಾಫಿ-ಚಹಾದ ಕಟ್ಟೆ ಮತ್ತೊಂದು ಕಡೆ. ಹಣ್ಣಿನ ರಸಕ್ಕೆ ಬೇರೆ ಜಾಗ, ಪಾರ್ಸೆಲಿಗೆ ಬೇರೆ ಜಾಗ. ಒಂದೇ ಮೇಜಿನಲ್ಲಿ ಕುಳಿತ ನಾಲ್ವರು ನೀರುದೋಸೆ, ಗೋಳಿಬಜೆ, ಒಂದು ಊಟ ಮತ್ತು ಪಕ್ಕದ ಕಲ್ಲಡ್ಕದಿಂದ ಹೆಸರು ಪಡೆದ ಕೆ.ಟಿ. ಚಹಾ ಕೇಳುತ್ತಾರೆ. ನಾಲ್ಕು ತಿನಿಸುಗಳು ಬೇರೆ ಬೇರೆ ಕಟ್ಟೆಗಳಿಂದ ಬರುತ್ತವೆ. ಆದರೆ ಕೊನೆಗೆ ಗಲ್ಲಾದಲ್ಲಿ ಎಲ್ಲವೂ ಸೇರಿ ಒಂದೇ ಚೀಟಿಯಾಗಬೇಕು, ಆ ಚೀಟಿ ಸರಿಯಾಗಿರಬೇಕು.

ಇಂದು ಈ ಕೆಲಸವನ್ನು ಪರಸ್ಪರ ಜೋಡಿಸಿದ ಗಣಕಗಳೂ ಅವುಗಳಲ್ಲಿರುವ ಬಿಲ್ಲಿಂಗ್ ತಂತ್ರಾಂಶವೂ ಮಾಡುತ್ತವೆ. ಇಂಥ ತಂತ್ರಾಂಶವನ್ನು ಕೊಳ್ಳುವಾಗ ಮಾಲೀಕರು ಸಾಮಾನ್ಯವಾಗಿ ಪರದೆಯ ಬಣ್ಣವನ್ನೂ ಬೆಲೆಯನ್ನೂ ನೋಡುತ್ತಾರೆ. ನೋಡಬೇಕಾದದ್ದು ಇನ್ನೊಂದಿದೆ: ಹಲವರು ಒಟ್ಟಿಗೆ ಬರೆಯುವ ಒಂದು ದಾಖಲೆ, ತಂತಿ ಕಡಿದಾಗ, ವಿದ್ಯುತ್ತು ಹೋದಾಗ, ಇಬ್ಬರ ಕೈ ಒಂದೇ ಕ್ಷಣದಲ್ಲಿ ಬಿದ್ದಾಗ ಏನಾಗುತ್ತದೆ? ಹೋಟೆಲ್ ಬಿಲ್ಲಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಹುಡುಕಿದ ಉತ್ತರಗಳ ಚರಿತ್ರೆ. ಅದರಲ್ಲಿ ನಮ್ಮ ಭೌತಶಾಸ್ತ್ರದವರ ಪಾಲೂ ಇದೆ.

ಕೂಗಿನ ಕಾಲ

ನಮ್ಮ ಕರಾವಳಿಯಿಂದ ಹೊರಟವರು ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಹೋಟೆಲುಗಳನ್ನು ಕಟ್ಟಿದ್ದು ಎಲ್ಲರಿಗೂ ಗೊತ್ತು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಮೂಲವೂ 1924ರಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ ಉಪಾಹಾರ ಗೃಹವೇ. ಹಳೆಯ ಕಾಲದ ಇಂಥ ಎಷ್ಟೋ ಹೋಟೆಲುಗಳಲ್ಲಿ ಲೆಕ್ಕವೆಲ್ಲ ಸಪ್ಲಾಯರನ ತಲೆಯಲ್ಲಿರುತ್ತಿತ್ತು. ಗಿರಾಕಿ ಕೈತೊಳೆದು ಗಲ್ಲಾದ ಕಡೆ ನಡೆಯುವಷ್ಟರಲ್ಲಿ ಸಪ್ಲಾಯರು ಅವನ ಮೊತ್ತವನ್ನು ಗಟ್ಟಿಯಾಗಿ ಕೂಗುತ್ತಿದ್ದ. ಗಲ್ಲಾದಲ್ಲಿ ಕುಳಿತವರು ಅದನ್ನು ಕೇಳಿ ಹಣ ಪಡೆಯುತ್ತಿದ್ದರು.

ಸಂವಹನ ವಿಜ್ಞಾನದ ದೃಷ್ಟಿಯಿಂದ ನೋಡಿ: ಇದೂ ಒಂದು ಜಾಲವೇ. ಸಪ್ಲಾಯರನ ನೆನಪು ಸ್ಮೃತಿಕೋಶ, ಹೋಟೆಲಿನ ಗಾಳಿ ಮಾಧ್ಯಮ, ಕೂಗು ಸಂಕೇತ. ದೋಷಗಳೂ ಇದ್ದವು. ಇಬ್ಬರು ಒಟ್ಟಿಗೆ ಕೂಗಿದರೆ ಎರಡೂ ಕೇಳಿಸುವುದಿಲ್ಲ. ಕೂಗಿದ್ದು ಎಲ್ಲಿಯೂ ಉಳಿಯುವುದಿಲ್ಲ. ರಾತ್ರಿ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ತಪ್ಪು ಸಪ್ಲಾಯರನದೋ ಗಲ್ಲಾದವರದೋ ಎಂದು ತೀರ್ಮಾನಿಸಲು ಆಧಾರವೇ ಇರುವುದಿಲ್ಲ. ದಾಖಲೆ ಇಲ್ಲದ ಕಡೆ ಅನುಮಾನ ಸಾಮಾನ್ಯವಾಗಿ ಬಡವನ ಕಡೆಗೇ ವಾಲುತ್ತದೆ.

ಹಡಗಿನಿಂದ ಬಂದ ಉಪಾಯ

ಅನುಮಾನವೇ ನಗದು ಯಂತ್ರದ ತಾಯಿ. ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಪಟ್ಟಣದಲ್ಲಿ ಜೇಮ್ಸ್ ರಿಟ್ಟಿ ಎಂಬವನು ಮದ್ಯದಂಗಡಿ ನಡೆಸುತ್ತಿದ್ದ. ಕೆಲಸಗಾರರು ಹಣ ಜೇಬಿಗಿಳಿಸುತ್ತಾರೆಂಬ ಚಿಂತೆ ಅವನದು. 1878ರಲ್ಲಿ ಯೂರೋಪಿಗೆ ಹಡಗಿನಲ್ಲಿ ಹೋಗುವಾಗ, ಹಡಗಿನ ತಿರುಪುಚಕ್ರ ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಯಂತ್ರವನ್ನು ಅವನು ಕಂಡ. ಸುತ್ತನ್ನು ಎಣಿಸಬಹುದಾದರೆ ಹಣದ ವಹಿವಾಟನ್ನು ಏಕೆ ಎಣಿಸಬಾರದು? ಸಹೋದರ ಜಾನ್ ಜೊತೆ ಸೇರಿ ಅವನು ರೂಪಿಸಿದ ಯಂತ್ರಕ್ಕೆ 1879ರ ನವೆಂಬರ್ 4ರಂದು ಪೇಟೆಂಟ್ ದೊರೆಯಿತು. 'ಭ್ರಷ್ಟನಾಗದ ಗುಮಾಸ್ತ' ಎಂಬರ್ಥದ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಜಾನ್ ಪ್ಯಾಟರ್ಸನ್ 1884ರಲ್ಲಿ ಈ ಉದ್ಯಮವನ್ನು ಕೊಂಡು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಾಗಿ ಬೆಳೆಸಿದ.

ಅದೇ ಕಂಪನಿಯಲ್ಲಿ ಚಾರ್ಲ್ಸ್ ಕೆಟರಿಂಗ್ 1906ರಲ್ಲಿ ವಿದ್ಯುತ್ ಮೋಟಾರಿನಿಂದ ನಡೆಯುವ ನಗದು ಯಂತ್ರವನ್ನು ತಯಾರಿಸಿದ. ಯಂತ್ರದ ಪೆಟ್ಟಿಗೆ ತೆರೆಯಲು ಬೇಕಾದದ್ದು ಒಂದೆರಡು ಕ್ಷಣದ ಬಲ ಮಾತ್ರ. ಆದ್ದರಿಂದ ಚಿಕ್ಕ ಮೋಟಾರಿಗೆ ಅಲ್ಪಕಾಲ ಹೆಚ್ಚು ಪ್ರವಾಹ ಕೊಟ್ಟರೂ ಅದು ಸುಡುವುದಿಲ್ಲ. ಇದೇ ತತ್ತ್ವವನ್ನು ಅವನು ಮುಂದೆ ಮೋಟಾರು ಕಾರಿನ ಸ್ವಯಂಚಾಲಿತ ಸ್ಟಾರ್ಟರಿಗೆ ಬಳಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂದಿತು.

ಆದರೆ ಈ ಯಂತ್ರಗಳೆಲ್ಲ ಒಂಟಿ ಯಂತ್ರಗಳು. ಒಂದು ಗಲ್ಲಾಕ್ಕೆ ಒಂದು ಯಂತ್ರ. ಅಡುಗೆಮನೆಯಲ್ಲಿ ಏನಾಯಿತೆಂದು ಅದಕ್ಕೆ ತಿಳಿಯದು.

ಬೆವಟ್ರಾನ್ ಕಟ್ಟಿದವನ ಬಿಲ್ಲಿನ ಯಂತ್ರ

ಕಣ ಭೌತಶಾಸ್ತ್ರ ಓದಿದವರಿಗೆ ಬೆವಟ್ರಾನ್ ಗೊತ್ತಿರುತ್ತದೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ 1954ರಲ್ಲಿ ಕೆಲಸಕ್ಕೆ ತೊಡಗಿದ ಈ ಕಣವೇಗವರ್ಧಕದಲ್ಲಿ 1955ರಲ್ಲಿ ಪ್ರತಿಪ್ರೋಟಾನ್ ಪತ್ತೆಯಾಯಿತು. ಅದಕ್ಕಾಗಿ ಎಮಿಲಿಯೊ ಸೆಗ್ರೆ ಮತ್ತು ಓವೆನ್ ಚೇಂಬರ್ಲೇನ್ ಅವರಿಗೆ 1959ರಲ್ಲಿ ನೊಬೆಲ್ ಬಂದಿತು. ಈ ಯಂತ್ರದ ವಿನ್ಯಾಸದಲ್ಲಿ ಪ್ರಮುಖನಾಗಿದ್ದವನು ಅರ್ನೆಸ್ಟ್ ಲಾರೆನ್ಸ್ ಅವರ ಪ್ರಯೋಗಾಲಯದ ಎಂಜಿನಿಯರ್ ವಿಲಿಯಂ ಬ್ರೋಬೆಕ್. ಅವನು ಮುಂದೆ ಸ್ವಂತ ಎಂಜಿನಿಯರಿಂಗ್ ಸಂಸ್ಥೆ ಸ್ಥಾಪಿಸಿದ. ಆ ಸಂಸ್ಥೆ 1974ರಲ್ಲಿ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹಗಳಿಗಾಗಿ, ಇಂಟೆಲ್ 8008 ಎಂಬ ಆರಂಭ ಕಾಲದ ಮೈಕ್ರೊಪ್ರೊಸೆಸರನ್ನು ಬಳಸಿ, ಹಲವು ಕಟ್ಟೆಗಳನ್ನು ಒಂದೇ ವ್ಯವಸ್ಥೆಗೆ ಜೋಡಿಸುವ ನಗದು ಯಂತ್ರವನ್ನು ನಿರ್ಮಿಸಿತು.

ಅದರ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಐವತ್ತು ವರ್ಷಗಳ ನಂತರವೂ ಅದರಿಂದ ಕಲಿಯುವುದಿದೆ. ಒಂದಕ್ಕೊಂದು ಜೋಡಿಸಿದ ಎರಡು ಗಣಕಗಳು. ಒಂದೊಂದಕ್ಕೆ ಎಂಟರವರೆಗೆ ಬಿಲ್ಲಿನ ಯಂತ್ರಗಳು. ಒಂದು ಗಣಕ ಕೆಟ್ಟರೆ ಇನ್ನೊಂದು ಇಡೀ ಅಂಗಡಿಯನ್ನು ನಡೆಸುತ್ತಿತ್ತು. ಮುಖ್ಯವಾದ ಪ್ರತಿ ಅಂಕಿಯನ್ನೂ ಮೂರು ಕಡೆ ಬರೆದಿಡುತ್ತಿದ್ದರು. ಅದರ ಮೇಲೆ, ಅನೇಕ ಸಂಖ್ಯೆಗಳನ್ನು ಮೂರರ ಗುಣಕಗಳಾಗಿ ಮಾತ್ರ ಇಡುತ್ತಿದ್ದರು.

ಮೂರರ ಗುಣಕ ಏಕೆ? ಇದನ್ನು ನೀವು ಪ್ರೌಢಶಾಲೆಯ ತರಗತಿಯಲ್ಲೂ ಹೇಳಿಕೊಡಬಹುದು. ಬಿಲ್ಲು 85 ರೂಪಾಯಿ ಎಂದಿರಲಿ. ಗಣಕ 85ರ ಬದಲು ಅದರ ಮೂರರಷ್ಟು, ಅಂದರೆ 255 ಎಂದು ಇಡುತ್ತದೆ. ದ್ವಿಮಾನ ಪದ್ಧತಿಯಲ್ಲಿ 255 ಎಂದರೆ 11111111. ಯಾವುದೋ ವಿದ್ಯುತ್ ಗದ್ದಲದಿಂದ ಇವುಗಳಲ್ಲಿ ಒಂದು ಅಂಕ 1ರಿಂದ 0ಗೆ ಬದಲಾಯಿತೆನ್ನಿ. ಆಗ ಸಂಖ್ಯೆ 1, 2, 4, 8, 16 ಹೀಗೆ ಎರಡರ ಯಾವುದೋ ಒಂದು ಘಾತದಷ್ಟು ಕಡಿಮೆಯಾಗುತ್ತದೆ. ಎರಡರ ಯಾವ ಘಾತವೂ ಮೂರರಿಂದ ಭಾಗವಾಗುವುದಿಲ್ಲ. ಆದ್ದರಿಂದ ಕೆಟ್ಟ ಸಂಖ್ಯೆಯೂ ಮೂರರಿಂದ ಭಾಗವಾಗದು. 255ರಿಂದ 8 ಹೋಗಿ 247 ಆದರೆ, ಮೂರರಿಂದ ಭಾಗಿಸಿದಾಗ ಶೇಷ 1 ಉಳಿದು ದೋಷ ಬಯಲಾಗುತ್ತದೆ. ಹಿಂದಿನವರು ಲೆಕ್ಕ ತಾಳೆ ನೋಡಲು ಬಳಸುತ್ತಿದ್ದ 'ಒಂಬತ್ತು ಕಳೆಯುವ' ಕ್ರಮಕ್ಕೆ ಇದು ಹತ್ತಿರದ ನಂಟು.

ಎರಡು ಅಂಕಗಳು ಒಟ್ಟಿಗೆ ಕೆಟ್ಟರೆ? 255ರಿಂದ 1 ಮತ್ತು 2 ಎರಡೂ ಹೋದರೆ 252 ಉಳಿಯುತ್ತದೆ. ಅದು ಮೂರರಿಂದ ಭಾಗವಾಗುತ್ತದೆ. ಬಿಲ್ಲು ಸದ್ದಿಲ್ಲದೆ 84 ರೂಪಾಯಿ ಆಗಿಬಿಡುತ್ತದೆ! ಮೂರು ಪ್ರತಿಗಳು ಬೇಕಾಗುವುದು ಇಲ್ಲಿ. ಒಂದು ಪ್ರತಿ ಕೆಡುವ ಸಂಭಾವ್ಯತೆ ಸಾವಿರಕ್ಕೆ ಒಂದು ಎಂದಿಟ್ಟುಕೊಳ್ಳಿ. ದೋಷಗಳು ಪರಸ್ಪರ ಸ್ವತಂತ್ರವಾಗಿದ್ದರೆ, ಮೂರರಲ್ಲಿ ಎರಡು ಪ್ರತಿಗಳು ಒಟ್ಟಿಗೆ ಕೆಡುವ ಸಂಭಾವ್ಯತೆ ಹತ್ತು ಲಕ್ಷಕ್ಕೆ ಸುಮಾರು ಮೂರು. ಬಹುಮತವನ್ನು ನಂಬಿದರೆ ಸಾಕು. ಯಂತ್ರದ ಭಾಗಗಳು ಕೆಡುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಆದರೂ ಫಲಿತಾಂಶ ಸರಿಯಾಗಿರುವಂತೆ ಕಟ್ಟುವುದು ಈ ವಿನ್ಯಾಸದ ತಿರುಳು.

ಈಥರ್ ಎಂಬ ಹಳೆಯ ಹೆಸರು

ಇಷ್ಟು ಯಂತ್ರಗಳು ಪರಸ್ಪರ ಮಾತಾಡಬೇಕಾದರೆ ಕೂಗಿನ ಕಾಲದ ತೊಂದರೆ ಮತ್ತೆ ಎದುರಾಗುತ್ತದೆ: ಇಬ್ಬರು ಒಟ್ಟಿಗೆ ಮಾತಾಡಿದರೆ ಏನು ಮಾಡುವುದು? ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪಗಳ ನಡುವೆ ರೇಡಿಯೊ ಜಾಲವೊಂದನ್ನು ನಡೆಸಿದರು. ಹೇಳಬೇಕೆನಿಸಿದಾಗ ಹೇಳು, ಡಿಕ್ಕಿಯಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು ಎಂಬುದೇ ಅದರ ನಿಯಮ. ಇಂಥ ಜಾಲದಲ್ಲಿ ಮಾಧ್ಯಮದ ಸಾಮರ್ಥ್ಯದ ಸುಮಾರು ಶೇಕಡ 18 ಮಾತ್ರ ಉಪಯೋಗಕ್ಕೆ ಬರುತ್ತದೆ. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ಸುಧಾರಿಸಿದ: ಮೊದಲು ಕಿವಿಗೊಟ್ಟು ಕೇಳು, ಯಾರೂ ಮಾತಾಡದಿದ್ದರೆ ಮಾತ್ರ ಮಾತಾಡು, ಡಿಕ್ಕಿಯಾದರೆ ಇಬ್ಬರೂ ಬೇರೆ ಬೇರೆ ಕಾಲ ಕಾಯಿರಿ. ಬೆಳಕಿನ ಮಾಧ್ಯಮವೆಂದು ಹತ್ತೊಂಬತ್ತನೇ ಶತಮಾನದವರು ಕಲ್ಪಿಸಿದ್ದ ಈಥರಿನ ಹೆಸರನ್ನೇ ಅವನು ಇದಕ್ಕಿಟ್ಟ. ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಹುಡುಕಿ ಕಾಣದ ಈಥರ್, ಹೀಗೆ ಈಥರ್‌ನೆಟ್ ಆಗಿ ಹೋಟೆಲಿನ ಗೋಡೆಯೊಳಗಿನ ತಂತಿಗೆ ಬಂದು ಸೇರಿತು.

1974ರ ಜೂನ್ 26ರಂದು ಒಹಾಯೊದ ಟ್ರಾಯ್ ಪಟ್ಟಣದ ಅಂಗಡಿಯಲ್ಲಿ ಮೊದಲ ಬಾರಿಗೆ ಪಟ್ಟಿಗೆರೆಯ ಸಂಕೇತವನ್ನು ಓದಿ ಸರಕನ್ನು ಮಾರಿದರು. ಆದರೆ ದೋಸೆಯ ಮೇಲೆ ಪಟ್ಟಿಗೆರೆ ಅಂಟಿಸಲಾಗದು. ಹೋಟೆಲಿಗೆ ಬೇರೆ ದಾರಿ ಬೇಕಿತ್ತು. ಸ್ವತಃ ಹೋಟೆಲ್ ನಡೆಸುತ್ತಿದ್ದ ಜೀನ್ ಮೋಷರ್ ಎಂಬ ಅಮೆರಿಕನ್, 1986ರಲ್ಲಿ ಅಟಾರಿ ಗಣಕಕ್ಕೆ ಬಣ್ಣದ ಸ್ಪರ್ಶಪರದೆ ಜೋಡಿಸಿ, ತಿನಿಸಿನ ಚೌಕವನ್ನು ಮುಟ್ಟಿದರೆ ಬಿಲ್ಲಿಗೆ ಸೇರುವ ತಂತ್ರಾಂಶವನ್ನು ಲಾಸ್ ವೇಗಾಸಿನ ಪ್ರದರ್ಶನದಲ್ಲಿ ತೋರಿಸಿದ. ಇಂದು ನಮ್ಮೂರಿನ ಗಲ್ಲಾಗಳಲ್ಲಿ ಕಾಣುವ ಪರದೆಗಳು ಆ ವಂಶದವು.

ದರ್ಶಿನಿಯ ಟೋಕನ್

ಇದೇ ಸಮಸ್ಯೆಗೆ ಕರ್ನಾಟಕ ಬೇರೆಯದೇ ಉತ್ತರ ಕೊಟ್ಟಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಯಿತು. ಮೊದಲು ಹಣ ಕೊಡಿ, ಟೋಕನ್ ಪಡೆಯಿರಿ, ಅದನ್ನು ಕಟ್ಟೆಯಲ್ಲಿ ತೋರಿಸಿ ತಿನಿಸು ಪಡೆಯಿರಿ, ನಿಂತು ತಿನ್ನಿರಿ. ಗಣಕಶಾಸ್ತ್ರದ ಮಾತಿನಲ್ಲಿ ಇದರ ಜಾಣತನ ನೋಡಿ. ಕಾಫಿ ಕಟ್ಟೆಗೂ ಗಲ್ಲಾಕ್ಕೂ ಸಂಪರ್ಕವೇ ಬೇಕಿಲ್ಲ. ಗಿರಾಕಿಯ ಕೈಯ ಚೀಟಿಯೇ ಪೂರ್ಣ ಮಾಹಿತಿಯನ್ನು ಹೊತ್ತು ನಡೆಯುತ್ತದೆ. ಹಲವರು ತಿದ್ದುವ ದಾಖಲೆಯೇ ಇಲ್ಲವಾದ್ದರಿಂದ ಗೊಂದಲವೂ ಇಲ್ಲ. ಇನ್ನು ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ. ಅಲ್ಲಿ ಬಿಲ್ಲೇ ಇಲ್ಲ. ಕುಳಿತು ಉಂಡು ಕೊನೆಗೆ ಹಣ ಕೊಡುವ ಹೋಟೆಲಿಗೆ ಮಾತ್ರ ಜಾಲ ಅನಿವಾರ್ಯ. ಸಣ್ಣ ಉಪಾಹಾರ ಗೃಹವೊಂದಕ್ಕೆ ಟೋಕನ್ ಸಾಕಾಗುವುದಾದರೆ ಜಾಲ ಕೊಳ್ಳದಿರುವುದೇ ಸರಿಯಾದ ಆಯ್ಕೆ.

ಒಂದೇ ಬಿಲ್ಲು, ಎರಡು ಕೈ

ಜಾಲದ ನಿಜವಾದ ಕಷ್ಟ ಇಲ್ಲಿದೆ. ಏಳನೇ ಮೇಜಿನ ಬಿಲ್ಲು 120 ರೂಪಾಯಿ. ಒಬ್ಬ ಸಪ್ಲಾಯರು ತನ್ನ ಪರದೆಯಲ್ಲಿ 120 ಓದಿ, 20ರ ಕಾಫಿ ಸೇರಿಸಿ 140 ಬರೆಯುತ್ತಾನೆ. ಅದೇ ಹೊತ್ತಿನಲ್ಲಿ ಇನ್ನೊಬ್ಬ ಇನ್ನೊಂದು ಪರದೆಯಲ್ಲಿ 120 ಓದಿ, 40ರ ವಡೆ ಸೇರಿಸಿ 160 ಬರೆಯುತ್ತಾನೆ. ಸರಿಯಾದ ಮೊತ್ತ 180. ಆದರೆ ಕೊನೆಗೆ ಬರೆದವನದೇ ಉಳಿದು 160 ಆಗುತ್ತದೆ. ಕಾಫಿಯ ಲೆಕ್ಕ ಕಳೆದುಹೋಯಿತು. ರಾತ್ರಿ ಕಾಫಿ ಕಟ್ಟೆಯವನು 'ನಾನು ಕೊಟ್ಟಿದ್ದೇನೆ' ಎನ್ನುತ್ತಾನೆ, ಗಣಕ 'ಇಲ್ಲ' ಎನ್ನುತ್ತದೆ. ಗಣಕವನ್ನು ನಂಬುವ ಮಾಲೀಕರು ಯಾರ ಸಂಬಳದಿಂದ ಹಿಡಿಯುತ್ತಾರೆ?

ಇದಕ್ಕೆ ಪರಿಹಾರ 'ವಹಿವಾಟು' ಎಂಬ ಪರಿಕಲ್ಪನೆ. ಓದು, ಕೂಡಿಸು, ಬರೆ ಎಂಬ ಮೂರು ಹೆಜ್ಜೆಗಳು ಒಂದೇ ಗಂಟಾಗಿ ಪೂರ್ಣ ನಡೆಯಬೇಕು, ಇಲ್ಲವೇ ನಡೆಯಲೇ ಬಾರದು, ನಡುವೆ ಇನ್ನೊಬ್ಬರು ನುಗ್ಗಬಾರದು. ಇದನ್ನು ಖಚಿತವಾಗಿ ರೂಪಿಸಿದವರಲ್ಲಿ ಜಿಮ್ ಗ್ರೇ ಪ್ರಮುಖರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ತಂತಿ ಕಡಿದರೆ ಸಮಸ್ಯೆ ಇನ್ನೂ ಆಳವಾಗುತ್ತದೆ. ಎರಿಕ್ ಬ್ರೂಯರ್ 2000ದಲ್ಲಿ ಊಹಿಸಿ, ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಸಾಧಿಸಿದ ಪ್ರಮೇಯವೊಂದಿದೆ. ಸಂಪರ್ಕ ಕಡಿದಾಗ ಎರಡರಲ್ಲಿ ಒಂದನ್ನು ಬಿಡಲೇಬೇಕು: ಎಲ್ಲ ಕಡೆ ಒಂದೇ ಲೆಕ್ಕ ಇರಬೇಕೆಂದರೆ ಕೆಲವು ಕಟ್ಟೆಗಳು ಕೆಲಸ ನಿಲ್ಲಿಸಬೇಕು. ಎಲ್ಲ ಕಟ್ಟೆಗಳೂ ನಡೆಯಬೇಕೆಂದರೆ ಲೆಕ್ಕಗಳು ಸ್ವಲ್ಪ ಕಾಲ ಬೇರೆ ಬೇರೆಯಾಗಿರಬೇಕು. ಎರಡೂ ಬೇಕೆಂದರೆ ಆಗದು. ಮಾರಾಟಗಾರ ಏನೇ ಹೇಳಲಿ, ಪ್ರಮೇಯ ಬದಲಾಗುವುದಿಲ್ಲ.

ಕಾನೂನೂ ಇಲ್ಲಿ ಸೇರಿಕೊಳ್ಳುತ್ತದೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಅದರ ನಿಯಮಗಳಂತೆ ಬಿಲ್ಲಿನ ಕ್ರಮಸಂಖ್ಯೆ ಸತತವಾಗಿರಬೇಕು, ಆರ್ಥಿಕ ವರ್ಷದಲ್ಲಿ ಒಂದೇ ಸಂಖ್ಯೆ ಎರಡು ಬಾರಿ ಬರಬಾರದು. ತಂತಿ ಕಡಿದಾಗ ಕೆಳಮಹಡಿಯ ಗಲ್ಲಾವೂ ಮೇಲ್ಮಹಡಿಯ ಗಲ್ಲಾವೂ 501ನೇ ಬಿಲ್ಲನ್ನೇ ಮುದ್ರಿಸಿದರೆ ಗೊಂದಲ. ಆದರೆ ಅದೇ ನಿಯಮ ಒಂದಕ್ಕಿಂತ ಹೆಚ್ಚು ಶ್ರೇಣಿಗಳಿಗೆ ಅವಕಾಶ ಕೊಟ್ಟಿದೆ. ಕೆಳಗಿನದಕ್ಕೆ 'ಎ' ಶ್ರೇಣಿ, ಮೇಲಿನದಕ್ಕೆ 'ಬಿ' ಶ್ರೇಣಿ ಇಟ್ಟುಕೊಂಡರೆ ಸಂಪರ್ಕವಿಲ್ಲದೆಯೂ ಇಬ್ಬರೂ ತಪ್ಪಿಲ್ಲದೆ ಬರೆಯಬಹುದು. ಆಮೇಲೆ ಕೂಡಿಸಿಕೊಂಡರಾಯಿತು.

ಮೂರು ಊರು, ಮೂರು ಬಗೆಯ ಪರೀಕ್ಷೆ

ಈಗ ನಮ್ಮ ಊರುಗಳಿಗೆ ಬರೋಣ. ಬಂಟ್ವಾಳದ ಹೋಟೆಲಿಗೆ ಗಿರಾಕಿಗಳು ಬಸ್ಸಿನ ಹೊತ್ತಿಗೆ ಗುಂಪಾಗಿ ಬರುತ್ತಾರೆ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳಿಗಾಗಿ ಆರಂಭಿಸಿದ ಸರತಿ ಸಿದ್ಧಾಂತ ಇಲ್ಲಿ ಉಪಯುಕ್ತ. ಅದರ ಸರಳ ಮಾದರಿಯಂತೆ, ಕಾವಲಿ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ದೋಸೆಗೆ ತಗಲುವ ಸರಾಸರಿ ಕಾಲ, ಹುಯ್ಯುವ ಕಾಲದ ಎರಡರಷ್ಟು. ಶೇಕಡ 90 ಹೊತ್ತು ಕೆಲಸದಲ್ಲಿದ್ದರೆ ಹತ್ತರಷ್ಟು! ಗುಂಪಾಗಿ ಬಂದರೆ ಇನ್ನೂ ಹೆಚ್ಚು. ಯಾವ ತಂತ್ರಾಂಶವೂ ಕಾವಲಿಯನ್ನು ದೊಡ್ಡದು ಮಾಡದು. ಸರತಿ ಎಲ್ಲಿ ಬೆಳೆಯುತ್ತಿದೆ ಎಂದು ಸಪ್ಲಾಯರನಿಗೆ ತೋರಿಸಿದರೆ ಅದು ಒಳ್ಳೆಯ ತಂತ್ರಾಂಶ.

ಬೆಳ್ತಂಗಡಿಯ ಪರೀಕ್ಷೆ ಮಳೆಗಾಲದ್ದು. 2019ರ ಆಗಸ್ಟಿನಲ್ಲಿ ತಾಲ್ಲೂಕು ನೆರೆಗೆ ತತ್ತರಿಸಿತು, ಗುಡ್ಡ ಕುಸಿದು ಚಾರ್ಮಾಡಿ ಘಾಟಿಯ ಸಂಚಾರ ನಿಂತಿತು. ಅಂಥ ದಿನಗಳಲ್ಲಿ ದೂರದ ಊರಿನ ಗಣಕದಲ್ಲಿ ಲೆಕ್ಕವಿಡುವ, ಅಂತರಜಾಲವಿಲ್ಲದೆ ಒಂದು ಬಿಲ್ಲನ್ನೂ ಮುದ್ರಿಸದ ತಂತ್ರಾಂಶ ಉಪಯೋಗಕ್ಕೆ ಬಾರದು. ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ಬರುವ ಸಿಡಿಲು ಇನ್ನೊಂದು ಅಪಾಯ. ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಬಹುದು. 100 ಮೀಟರ್ ದೂರದಲ್ಲಿ ಸಿಡಿಲು ಬಡಿದು ಪ್ರವಾಹ ಮೈಕ್ರೊಸೆಕೆಂಡಿಗೆ 10,000 ಆಂಪಿಯರಿನಂತೆ ಏರಿತೆನ್ನಿ. ಗೋಡೆಯಲ್ಲಿ ಹರಿದ ಜಾಲದ ತಂತಿಯೂ ವಿದ್ಯುತ್ ತಂತಿಯೂ ಸೇರಿ 10 ಚದರ ಮೀಟರಿನ ಕುಣಿಕೆಯಾಗಿದ್ದರೆ, ಫ್ಯಾರಡೆ ನಿಯಮದಂತೆ ಅದರಲ್ಲಿ ಸುಮಾರು 200 ವೋಲ್ಟ್ ಪ್ರೇರಿತವಾಗುತ್ತದೆ. ಸಿಡಿಲು ಹತ್ತಿರವಾದರೆ, ಕುಣಿಕೆ ದೊಡ್ಡದಾದರೆ, ಅದು ಸಾವಿರಾರು ವೋಲ್ಟ್ ಆಗುತ್ತದೆ. ಒಳಗಿನ ಚಿಪ್ಪುಗಳು ಕೆಲಸ ಮಾಡುವುದು ಕೆಲವೇ ವೋಲ್ಟುಗಳಲ್ಲಿ. ಎರಡು ತಂತಿಗಳನ್ನು ಹತ್ತಿರ ಹತ್ತಿರ ಎಳೆದು ಕುಣಿಕೆಯನ್ನು ಕಿರಿದು ಮಾಡುವುದು, ಭೂಸಂಪರ್ಕ ಸರಿಪಡಿಸುವುದು, ಕಟ್ಟಡದಿಂದ ಕಟ್ಟಡಕ್ಕೆ ಬೆಳಕಿನ ಎಳೆ ಬಳಸುವುದು ಇದಕ್ಕೆ ಉಪಾಯ.

ಮೂಡುಬಿದಿರೆ ಕಾಲೇಜುಗಳ ಊರು. ನಾಲ್ಕೈದು ವಿದ್ಯಾರ್ಥಿಗಳು ಒಂದು ಮೇಜಿನಲ್ಲಿ ತಿಂದು ಬಿಲ್ಲನ್ನು ಹಂಚಿಕೊಳ್ಳುತ್ತಾರೆ, ಪ್ರತಿಯೊಬ್ಬರೂ ಮೊಬೈಲಿನಲ್ಲಿ ಯುಪಿಐ ಮೂಲಕ ಹಣ ಕೊಡುತ್ತಾರೆ. 2016ರಲ್ಲಿ ಆರಂಭವಾದ ಯುಪಿಐಯ ದಾಖಲೆ ಬ್ಯಾಂಕಿನಲ್ಲಿದೆ, ಬಿಲ್ಲಿನ ದಾಖಲೆ ಹೋಟೆಲಿನಲ್ಲಿದೆ. ಒಂದು ಬಿಲ್ಲಿಗೆ ಐದು ಪಾವತಿಗಳು, ಅವುಗಳಲ್ಲಿ ಒಂದು ವಿಫಲ. ಇವನ್ನು ತಾಳೆ ಹಾಕಲಾರದ ತಂತ್ರಾಂಶ ಇಲ್ಲಿ ಸೋಲುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದ ಪ್ರಯೋಗಗಳು

ಪ್ರಯೋಗಶಾಲೆಯ ಕ್ರಮವನ್ನೇ ಇಲ್ಲಿ ಅನುಸರಿಸಬಹುದು. ದೋಷವನ್ನು ಬೇಕೆಂದೇ ಉಂಟುಮಾಡಿ, ಫಲಿತಾಂಶ ಬರೆದಿಡಿ.

1. ಎರಡು ಪರದೆಗಳಿಂದ ಒಂದೇ ಮೇಜಿಗೆ ಒಂದೇ ಕ್ಷಣದಲ್ಲಿ ತಿನಿಸು ಸೇರಿಸಿ. ಇಪ್ಪತ್ತು ಬಾರಿ ಮಾಡಿ. ಒಂದು ಬಾರಿ ತಪ್ಪಿದರೂ ಆ ತಂತ್ರಾಂಶ ಬೇಡ.

2. ಬಿಲ್ಲಿನ ನಡುವೆ ಜಾಲದ ತಂತಿ ಕಿತ್ತುಬಿಡಿ. ಕಟ್ಟೆ ನಿಲ್ಲುತ್ತದೆಯೇ, ನಡೆಯುತ್ತದೆಯೇ? ಮತ್ತೆ ಜೋಡಿಸಿದಾಗ ಲೆಕ್ಕ ಕೂಡುತ್ತದೆಯೇ?

3. ಮುಖ್ಯ ಗಣಕದ ವಿದ್ಯುತ್ತನ್ನು ಹಠಾತ್ತನೆ ತೆಗೆಯಿರಿ. ಕೊನೆಯ ಬಿಲ್ಲು ಉಳಿದಿದೆಯೇ?

4. ನಕಲು ಪ್ರತಿಯಿಂದ ಬೇರೊಂದು ಗಣಕದಲ್ಲಿ ಲೆಕ್ಕವನ್ನು ಪುನಃ ಎಬ್ಬಿಸಿ. ನಕಲು ಇದೆ ಎಂಬ ಮಾತು ಸಾಲದು.

5. ಮುದ್ರಿಸಿದ ಬಿಲ್ಲೊಂದನ್ನು ಅಳಿಸಿ ನೋಡಿ. ಯಾರು, ಯಾವಾಗ ಅಳಿಸಿದರೆಂಬ ಗುರುತು ಉಳಿಯುತ್ತದೆಯೇ?

ಐದನೆಯದು ತಾಂತ್ರಿಕವಾಗಿ ಸುಲಭ, ನೈತಿಕವಾಗಿ ಕಠಿಣ. ಬಿಲ್ಲುಗಳನ್ನು ಗುರುತಿಲ್ಲದೆ ಅಳಿಸಿ ತೆರಿಗೆ ತಪ್ಪಿಸುವ ತಂತ್ರಾಂಶಗಳು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿವೆ. ಕೆನಡಾದ ಕ್ವಿಬೆಕ್ ಪ್ರಾಂತ್ಯ 2011ರ ನವೆಂಬರಿನಿಂದ ಪ್ರತಿ ಹೋಟೆಲ್ ಬಿಲ್ಲನ್ನೂ ದಾಖಲಿಸುವ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು. ಅಳಿಸಲು ಬಿಡುವ ತಂತ್ರಾಂಶದಿಂದ ನಷ್ಟ ಸರಕಾರಕ್ಕೆ ಮಾತ್ರವಲ್ಲ. ಮೇಲಿನವರು ಅಳಿಸಿದ ಬಿಲ್ಲಿನ ಹೊರೆ ಕೆಳಗಿನವರ ತಲೆಗೆ ಬರುವುದಕ್ಕೂ ಅದು ದಾರಿ ಮಾಡಿಕೊಡುತ್ತದೆ.

ರಿಟ್ಟಿಯ ಯಂತ್ರ ಮಾಲೀಕನ ಪರವಾಗಿ ಕೆಲಸಗಾರನನ್ನು ಕಾಯಲು ಹುಟ್ಟಿತು. ಬ್ರೋಬೆಕ್‌ನ ಯಂತ್ರ ಒಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಯಂತ್ರದಿಂದಲೂ ಆಗಬಹುದೆಂದು ಒಪ್ಪಿಕೊಂಡಿತು. ನೋಡಲು ಚಿಕ್ಕದಾದರೂ ದೊಡ್ಡ ಬದಲಾವಣೆ ಇದು. ಯಂತ್ರದ ತಪ್ಪನ್ನು ಯಂತ್ರವೇ ಪತ್ತೆಹಚ್ಚುವಂತಿದ್ದರೆ, ಕಾಫಿ ಕೊಟ್ಟ ಹುಡುಗ ತಾನು ಕೊಟ್ಟೆನೆಂದು ಆಣೆ ಹಾಕಬೇಕಾಗಿಲ್ಲ.

ಶಿಕ್ಷಕರಿಗೆ ಒಂದು ಸಲಹೆ. ದ್ವಿಮಾನ ಪದ್ಧತಿ ಕಲಿಸುವ ದಿನ 255ರ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿ. ಆಮೇಲೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದು, ಒಬ್ಬರ ಕೈ ಒಬ್ಬರಿಗೆ ಕಾಣದಂತೆ ಕೂರಿಸಿ, 120 ರೂಪಾಯಿಯ ಒಂದೇ ಬಿಲ್ಲಿಗೆ ಬೇರೆ ಬೇರೆ ತಿನಿಸು ಸೇರಿಸಲು ಹೇಳಿ. ಕೊನೆಯ ಮೊತ್ತ ಏಕೆ ತಪ್ಪಿತೆಂದು ತರಗತಿಯೇ ಕಂಡುಹಿಡಿಯಲಿ. ಉತ್ತರ ಸಿಕ್ಕವರು ಸಂಜೆ ಊರಿನ ಯಾವುದಾದರೂ ಹೋಟೆಲಿಗೆ ಹೋಗಿ, ಅಲ್ಲಿನ ಗಣಕ ಇದನ್ನು ಹೇಗೆ ನಿಭಾಯಿಸುತ್ತದೆಂದು ವಿಚಾರಿಸಿ ಬರಲಿ.